ಹಡಗಿನ ಮೈಮೇಲೊಂದು ಗೆರೆ

ಪಣಂಬೂರಿನ ನವಮಂಗಳೂರು ಬಂದರಿಗೆ ಶಾಲಾ ಪ್ರವಾಸ ಹೋಗಿ ಬಂದ ಮಕ್ಕಳನ್ನು ಏನು ನೋಡಿದಿರಿ ಎಂದು ಕೇಳಿದರೆ ಕ್ರೇನುಗಳ ಎತ್ತರ, ಸರಕಿನ ರಾಶಿ, ಹಡಗಿನ ಗಾತ್ರ ಎಂದು ಬೆರಗಿನಿಂದ ವರ್ಣಿಸುತ್ತಾರೆ. ಹಡಗಿನ ಹೊಟ್ಟೆಯ ಮೇಲಿನ ಸಣ್ಣ ಗುರುತನ್ನು ಗಮನಿಸಿದವರು ಮಾತ್ರ ಅಪರೂಪ. ಹಡಗಿನ ಉದ್ದದ ಸರಿಸುಮಾರು ನಡುಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಒಂದು ವೃತ್ತ ಬರೆದಿರುತ್ತದೆ. ಅದರ ವ್ಯಾಸ 30 ಸೆಂಟಿಮೀಟರ್. ವೃತ್ತದ ಮಧ್ಯದಲ್ಲಿ ಹಾದುಹೋಗುವ ಅಡ್ಡಗೆರೆಯ ಉದ್ದ 45 ಸೆಂಟಿಮೀಟರ್. ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಇನ್ನಷ್ಟು ಗೆರೆಗಳು, ಅವುಗಳ ತುದಿಯಲ್ಲಿ ಇಂಗ್ಲಿಷ್ ಅಕ್ಷರಗಳು.

ಅರ್ಥ ಬಹಳ ಸರಳ. ಸರಕು ತುಂಬಿದಾಗ ನೀರು ಈ ಗೆರೆಯನ್ನು ದಾಟಿ ಮೇಲೆ ಬರಕೂಡದು. ಬಂದರೆ ಹಡಗು ಬಂದರು ಬಿಡುವಂತಿಲ್ಲ. ಮಾಲೀಕನ ಲೆಕ್ಕದ ಪುಸ್ತಕ ತೆರೆಯಬೇಕಾಗಿಲ್ಲ, ಹಡಗಿನ ಒಳಗೆ ಇಳಿಯಬೇಕಾಗಿಲ್ಲ. ದಡದ ಮೇಲೆ ನಿಂತ ಕೂಲಿಯವನೂ ಓದಬಹುದಾದ ಕಾನೂನು ಇದು.

ಈ ಗುರುತಿಗೆ ಇಂದಿಗೂ ಪ್ಲಿಮ್‌ಸಾಲ್ ಗೆರೆ ಎಂಬ ಹೆಸರಿದೆ. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ನಾವಿಕನಲ್ಲ, ಹಡಗು ಕಟ್ಟುವವನಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಆತ ಒಮ್ಮೆ ದಿವಾಳಿಯೆದ್ದಿದ್ದ ಕಲ್ಲಿದ್ದಲು ವ್ಯಾಪಾರಿ.

ಏಳು ಷಿಲ್ಲಿಂಗಿನ ವಾರ

ಪ್ಲಿಮ್‌ಸಾಲ್ ಹುಟ್ಟಿದ್ದು 1824ರ ಫೆಬ್ರವರಿ 10ರಂದು, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ತಂದೆ ಅಬಕಾರಿ ನೌಕರ. ಮನೆ ತುಂಬ ಮಕ್ಕಳು. ಬಾಲ್ಯ ಕಳೆದದ್ದು ಉತ್ತರದ ಪೆನ್ರಿತ್ ಊರಿನಲ್ಲಿ, ಆಮೇಲೆ ಉಕ್ಕಿನ ಪಟ್ಟಣವಾದ ಷೆಫೀಲ್ಡಿನಲ್ಲಿ. ಶಾಲೆಯನ್ನು ಬೇಗ ಬಿಟ್ಟ ಹುಡುಗ ಗುಮಾಸ್ತನಾದ. ಬಿಯರ್ ತಯಾರಿಸುವ ಕಂಪೆನಿಯೊಂದರಲ್ಲಿ ದುಡಿಯುತ್ತ ಮ್ಯಾನೇಜರ್ ಹುದ್ದೆಯವರೆಗೂ ಏರಿದ.

ಆ ಕಾಲಕ್ಕೆ ಲಂಡನ್ನಿನ ಒಲೆಗಳೆಲ್ಲ ಉರಿಯುತ್ತಿದ್ದದ್ದು ಕಲ್ಲಿದ್ದಲಿನಿಂದ. ನ್ಯೂಕ್ಯಾಸಲ್ ಕಡೆಯಿಂದ ಹಡಗುಗಳಲ್ಲಿ ಬರುತ್ತಿದ್ದ ಕಲ್ಲಿದ್ದಲೇ ಹೆಚ್ಚು. ರೈಲು ಆಗತಾನೇ ದೇಶದ ಉದ್ದಗಲಕ್ಕೆ ಹಬ್ಬುತ್ತಿತ್ತು. ಯಾರ್ಕ್‌ಷೈರಿನ ಗಣಿಗಳಿಂದ ನೇರವಾಗಿ ರೈಲಿನಲ್ಲಿ ತಂದರೆ ಲಾಭವಲ್ಲವೇ ಎಂದು ಪ್ಲಿಮ್‌ಸಾಲ್ ಲೆಕ್ಕ ಹಾಕಿದ. 1853ರಲ್ಲಿ ಲಂಡನ್ನಿಗೆ ಬಂದು ವ್ಯಾಪಾರ ಆರಂಭಿಸಿದ. ಲೆಕ್ಕ ತಪ್ಪಿರಲಿಲ್ಲ, ಆದರೆ ಕೈಯಲ್ಲಿ ಬಂಡವಾಳವಿರಲಿಲ್ಲ. 1855ರಲ್ಲಿ ದಿವಾಳಿ.

ಮುಂದಿನ ಕೆಲವು ತಿಂಗಳು ಆತ ಬಡ ಕೂಲಿಕಾರರಿಗಾಗಿ ನಡೆಸುತ್ತಿದ್ದ ಅಗ್ಗದ ವಸತಿಗೃಹದಲ್ಲಿ ಮಲಗಿ ಎದ್ದ. ವಾರದ ಖರ್ಚು 7 ಷಿಲ್ಲಿಂಗ್ ಒಂಬತ್ತೂವರೆ ಪೆನ್ಸ್. ಹನ್ನೆರಡು ಪೆನ್ಸಿಗೆ ಒಂದು ಷಿಲ್ಲಿಂಗ್, ಇಪ್ಪತ್ತು ಷಿಲ್ಲಿಂಗಿಗೆ ಒಂದು ಪೌಂಡು. ಆಣೆ-ಪೈಗಳ ಲೆಕ್ಕ ಕೇಳಿ ಬೆಳೆದ ಹಿರಿಯರಿಗೆ ಇದು ಕಷ್ಟವಾಗಲಾರದು. ಅಂದರೆ ವಾರಕ್ಕೆ ಅರ್ಧ ಪೌಂಡೂ ಇಲ್ಲ. ಅಲ್ಲಿದ್ದವರೆಲ್ಲ ಕೂಲಿಗಳು, ಕೆಲಸ ಹುಡುಕುತ್ತಿದ್ದವರು. ಒಬ್ಬನಿಗೆ ಕೆಲಸ ತಪ್ಪಿದರೆ ಇನ್ನೊಬ್ಬ ತನ್ನ ರೊಟ್ಟಿಯಲ್ಲಿ ಪಾಲು ಕೊಡುವುದನ್ನು ಆತ ಕಣ್ಣಾರೆ ಕಂಡ. ಬಡವರ ಬಗ್ಗೆ ತಾನು ಕಲಿತದ್ದೆಲ್ಲ ಅಲ್ಲಿಯೇ ಎಂಬಂತೆ ಮುಂದೆ ತನ್ನ ಪುಸ್ತಕದಲ್ಲಿ ಆ ದಿನಗಳನ್ನು ನೆನೆದಿದ್ದಾನೆ. ನಾಚಿಕೊಂಡು ಮುಚ್ಚಿಡಲಿಲ್ಲ ಎಂಬುದು ವಿಶೇಷ.

ಮತ್ತೆ ಮೇಲೆದ್ದದ್ದೂ ಕಲ್ಲಿದ್ದಲಿನಿಂದಲೇ. ರೈಲು ವ್ಯಾಗನ್ನಿನಿಂದ ಎತ್ತಿನ ಗಾಡಿಗೋ ಕುದುರೆ ಗಾಡಿಗೋ ಕಲ್ಲಿದ್ದಲು ಸುರಿಯುವಾಗ ಗಡ್ಡೆಗಳು ಎತ್ತರದಿಂದ ಬಿದ್ದು ಪುಡಿಯಾಗುತ್ತವೆ. ಬೀಳುವ ಎತ್ತರ ಹೆಚ್ಚಿದಷ್ಟೂ ಡಿಕ್ಕಿಯ ಶಕ್ತಿ ಹೆಚ್ಚು, ಒಡೆಯುವುದೂ ಹೆಚ್ಚು. ಒಂಬತ್ತನೇ ತರಗತಿಯ ಪಾಠವಿದು. ಗಡ್ಡೆ ಕಲ್ಲಿದ್ದಲಿಗೆ ಒಳ್ಳೆಯ ಬೆಲೆ, ಪುಡಿಗೆ ಕಡಿಮೆ. ಗಡ್ಡೆ ಒಡೆಯದಂತೆ ಮೆಲ್ಲನೆ ಇಳಿಸುವ ಸಾಧನವೊಂದಕ್ಕೆ ಪ್ಲಿಮ್‌ಸಾಲ್ ಪೇಟೆಂಟ್ ಪಡೆದ. ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಬಳಿ ಆತನ ಕಲ್ಲಿದ್ದಲು ಅಂಗಳ ಎದ್ದುನಿಂತಿತು. ಆ ಜಾಗದಲ್ಲೀಗ ಅಂಗಡಿ ಸಾಲುಗಳೂ ವಸತಿ ಕಟ್ಟಡಗಳೂ ಇವೆ. ಒಂದು ಕಟ್ಟಡಕ್ಕೆ ಆತನ ಹೆಸರೇ ಇಟ್ಟಿದ್ದಾರೆ.

ಕೈಯಲ್ಲಿ ಹಣ ಬಂದ ಮೇಲೆ ರಾಜಕೀಯ. 1865ರ ಚುನಾವಣೆಯಲ್ಲಿ ಸೋತ. 1868ರಲ್ಲಿ ಡರ್ಬಿ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಪಾರ್ಲಿಮೆಂಟು ಸೇರಿದ.

ತೇಲುವ ಶವಪೆಟ್ಟಿಗೆಗಳು

ಬ್ರಿಟನ್ನಿನ ಹಡಗುಗಳು ಲೋಕದ ಎಲ್ಲ ಕಡಲುಗಳಲ್ಲೂ ಓಡಾಡುತ್ತಿದ್ದ ಕಾಲ ಅದು. ಆ ಹಡಗುಗಳಲ್ಲಿ ಒಂದಷ್ಟಕ್ಕೆ ನಾವಿಕರು ಇಟ್ಟಿದ್ದ ಹೆಸರು ‘ಶವಪೆಟ್ಟಿಗೆ ಹಡಗು’. ಹಲಗೆ ಕೊಳೆತ ಹಳೆಯ ಹಡಗಿಗೆ ಹೊಸ ಬಣ್ಣ ಬಳಿದು, ಕೆಲವೊಮ್ಮೆ ಹೊಸ ಹೆಸರನ್ನೂ ಇಟ್ಟು, ಹಿಡಿಸಲಾರದಷ್ಟು ಸರಕು ತುಂಬಿ ಚಳಿಗಾಲದ ಅಟ್ಲಾಂಟಿಕ್ ಸಾಗರಕ್ಕೆ ಕಳಿಸುತ್ತಿದ್ದರು. ತಲುಪಿದರೆ ಲಾಭ. ಮುಳುಗಿದರೆ?

ಮುಳುಗಿದರೂ ಹಲವು ಮಾಲೀಕರಿಗೆ ನಷ್ಟವಿರಲಿಲ್ಲ. ಹಡಗಿನ ಬೆಲೆಗಿಂತ ಹೆಚ್ಚಿನ ಮೊತ್ತಕ್ಕೆ ವಿಮೆ ಇರುತ್ತಿತ್ತು. ಹಾಗಾದರೆ ವಿಮೆ ಕೊಟ್ಟವರು ಸುಮ್ಮನಿದ್ದರೇಕೆ ಎಂದು ನೀವು ಕೇಳಬಹುದು. ಪ್ಲಿಮ್‌ಸಾಲ್ ಬಿಡಿಸಿ ಹೇಳಿದ್ದು ಈ ಗುಟ್ಟನ್ನೇ. ಒಂದು ಹಡಗಿನ ವಿಮೆಯನ್ನು ಒಬ್ಬನೇ ಹೊರುತ್ತಿರಲಿಲ್ಲ. ಇಪ್ಪತ್ತು-ಮೂವತ್ತು ಮಂದಿ ಸ್ವಲ್ಪ ಸ್ವಲ್ಪ ಹಂಚಿಕೊಳ್ಳುತ್ತಿದ್ದರು. ಮುಳುಗಿದಾಗ ಒಬ್ಬೊಬ್ಬನ ಕೈಬಿಡುವ ಹಣ ಅಲ್ಪ. ಅಷ್ಟಕ್ಕಾಗಿ ವಕೀಲರಿಗೆ ಸುರಿದು ಕೋರ್ಟು ಹತ್ತುವವರು ಯಾರು? ನಷ್ಟ ಎಷ್ಟು ತೆಳ್ಳಗೆ ಹರಡಿತ್ತೆಂದರೆ ಅದು ಯಾರಿಗೂ ನೋಯುತ್ತಿರಲಿಲ್ಲ. ನೋಯುತ್ತಿದ್ದದ್ದು ನಾವಿಕರ ಹೆಂಡಿರು ಮಕ್ಕಳಿಗೆ ಮಾತ್ರ.

ಕೆಲಸಕ್ಕೆಂದು ಕರಾರಿಗೆ ಸಹಿ ಹಾಕಿದ ಖಲಾಸಿ, ಹಡಗನ್ನು ಕಣ್ಣಾರೆ ನೋಡಿದ ಮೇಲೆ ‘ಇದರಲ್ಲಿ ಹೋಗಲಾರೆ’ ಎಂದರೆ ವಾರಗಟ್ಟಲೆ ಜೈಲು. ಕಾನೂನೇ ಹಾಗಿತ್ತು. ಸಾಯುವುದಕ್ಕಿಂತ ಜೈಲು ಮೇಲೆಂದು ಹಾಗೆ ಸೆರೆಮನೆ ಸೇರಿದವರು ನೂರಾರು ಮಂದಿ.

1866ರ ಜನವರಿ 11ರಂದು ‘ಲಂಡನ್’ ಎಂಬ ಹಬೆ ಹಡಗು ಬಿಸ್ಕೇ ಕೊಲ್ಲಿಯಲ್ಲಿ ಮುಳುಗಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೊರಟಿದ್ದ ಹಡಗದು. ಪ್ರಯಾಣಿಕರ ಜೊತೆಗೆ ಒಳಗೆ ಕಬ್ಬಿಣ, ಕಲ್ಲಿದ್ದಲು ಭಾರೀ ಪ್ರಮಾಣದಲ್ಲಿತ್ತು. ಹಡಗು ನೀರಿನಲ್ಲಿ ಆಳಕ್ಕೆ ಕುಳಿತಿತ್ತು. ಬಿರುಗಾಳಿಯಲ್ಲಿ ಅಲೆಗಳು ಡೆಕ್ಕಿನ ಮೇಲೆ ಅಪ್ಪಳಿಸಿ ಎಂಜಿನ್ ಕೋಣೆಯ ಮುಚ್ಚಳವನ್ನೇ ಕಿತ್ತೊಗೆದವು. ನೀರು ಒಳನುಗ್ಗಿ ಕುಲುಮೆ ಆರಿತು. ಎಂಜಿನ್ನಿಲ್ಲದ ಹಡಗು ಅಲೆಗಳ ಆಟಿಕೆಯಾಯಿತು. ಸತ್ತವರು ಸುಮಾರು 220. ಒಂದೇ ಒಂದು ದೋಣಿಯಲ್ಲಿ ಪಾರಾದವರು 19.

ಪಾತ್ರೆಯಲ್ಲೊಂದು ಪ್ರಯೋಗ

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಒಂದು ಪ್ರಯೋಗ ಮಾಡಿ ನೋಡಬೇಕು. ಒಂದು ಬಕೆಟ್ ನೀರು, ಒಂದು ಸ್ಟೀಲ್ ಡಬ್ಬಿ, ಒಂದಿಷ್ಟು ಮರಳು ಸಾಕು. ಡಬ್ಬಿಯನ್ನು ತೇಲಿಬಿಟ್ಟು ಚಮಚದಲ್ಲಿ ಮರಳು ಹಾಕುತ್ತ ಹೋಗಿ. ಡಬ್ಬಿ ಇಳಿಯುತ್ತದೆ. ತನ್ನ ಮತ್ತು ಮರಳಿನ ಒಟ್ಟು ತೂಕಕ್ಕೆ ಸಮನಾದ ತೂಕದ ನೀರನ್ನು ಪಕ್ಕಕ್ಕೆ ತಳ್ಳುವಷ್ಟು ಇಳಿದು ನಿಲ್ಲುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಇಷ್ಟೇ. ಡಬ್ಬಿಯ ಅಂಚು ನೀರಿನಿಂದ ಒಂದು ಕೂದಲೆಳೆಯಷ್ಟು ಮೇಲಿರುವವರೆಗೂ ಹಾಕಿ. ಆಗಲೂ ತೇಲುತ್ತದೆ! ಪರೀಕ್ಷೆಯಲ್ಲಿ ‘ಈ ಡಬ್ಬಿ ತೇಲುವುದೇ?’ ಎಂದು ಕೇಳಿದರೆ ‘ಹೌದು’ ಎಂದು ಬರೆದವನಿಗೆ ಪೂರ್ತಿ ಅಂಕ.

ಈಗ ಬಕೆಟ್ಟಿನ ಹೊರಮೈಗೆ ಬೆರಳಿನಿಂದ ಒಂದು ಸಲ ತಟ್ಟಿ. ಒಂದು ಪುಟ್ಟ ಅಲೆ ಸಾಕು, ಡಬ್ಬಿ ತಳ ಸೇರುತ್ತದೆ.

ಮೊದಲೇ ಎರಡು ಬೆರಳು ಅಂಚು ಬಿಟ್ಟು ಮರಳು ಹಾಕುವುದನ್ನು ನಿಲ್ಲಿಸಿದ್ದರೆ ಅದೇ ಅಲೆಗೆ ಡಬ್ಬಿ ಒಮ್ಮೆ ಓಲಾಡಿ ಸುಮ್ಮನಾಗುತ್ತಿತ್ತು. ನೀರಿನ ಮೇಲೆ ಉಳಿಯುವ ಈ ಒಣ ಅಂಚಿಗೆ ಫ್ರೀಬೋರ್ಡ್ ಎನ್ನುತ್ತಾರೆ. ಅದು ವ್ಯರ್ಥ ಜಾಗವಲ್ಲ, ತೇಲುವ ಬಲದ ಉಳಿತಾಯ ಖಾತೆ. ಅಲೆ ಏರಿ ಬಂದಾಗ, ಸ್ವಲ್ಪ ನೀರು ಒಳಸೇರಿದಾಗ ಹಡಗು ಇನ್ನಷ್ಟು ಇಳಿದು ಇನ್ನಷ್ಟು ನೀರನ್ನು ತಳ್ಳಲು ಇರುವ ಅವಕಾಶ ಅದೊಂದೇ. ಬಂದರಿನ ನಿಂತ ನೀರಿನಲ್ಲಿ ತೇಲಿದ್ದೆಲ್ಲ ಕಡಲಿನಲ್ಲಿ ತೇಲಬೇಕಾಗಿಲ್ಲ.

ಹಾಗಾದರೆ ಎಷ್ಟು ಅಂಚು ಬಿಡಬೇಕು? ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ 1835ರಲ್ಲೇ ಒಂದು ಸೂತ್ರ ಹೇಳಿತ್ತು. ಸರಕು ಕೋಣೆಯ ಆಳ ಒಂದು ಅಡಿಯಾದರೆ ಮೂರು ಇಂಚು ಅಂಚು. 16 ಅಡಿ ಆಳದ ಹಡಗಿಗೆ 48 ಇಂಚು, ಅಂದರೆ ನಾಲ್ಕು ಅಡಿ. ಆದರೆ ಇದು ಬರೀ ಸಲಹೆ. ಪಾಲಿಸಲೇಬೇಕೆಂಬ ಕಾನೂನು ಇರಲಿಲ್ಲ.

ಪಾಲಿಸದೆ ಇರುವುದರಲ್ಲಿ ಎಷ್ಟು ಲಾಭವಿದೆ ಎಂದು ಇಂದಿನ ಹಡಗಿನಿಂದಲೇ ಅಂದಾಜು ಮಾಡಬಹುದು. 200 ಮೀಟರ್ ಉದ್ದ, 30 ಮೀಟರ್ ಅಗಲದ ಹಡಗು ಒಂದೇ ಒಂದು ಸೆಂಟಿಮೀಟರ್ ಹೆಚ್ಚಿಗೆ ಮುಳುಗಿದರೆ ಎಷ್ಟು ಸರಕು ಹೆಚ್ಚು ಹಿಡಿಯುತ್ತದೆ? ಉದ್ದ, ಅಗಲ, 0.01 ಮೀಟರ್ ಇವುಗಳನ್ನು ಗುಣಿಸಿ. 60 ಘನಮೀಟರ್ ಬಂತು. ತುದಿಗಳು ಚೂಪಾಗಿರುವುದರಿಂದ ಸ್ವಲ್ಪ ಕಳೆದರೂ ಸುಮಾರು 50 ಟನ್. ಒಂದು ಸೆಂಟಿಮೀಟರಿಗೆ ಐವತ್ತು ಟನ್ ಸರಕಿನ ಬಾಡಿಗೆ! ಆಸೆ ಹುಟ್ಟದೇ ಇದ್ದೀತೇ?

ಮುಷ್ಟಿ ಎತ್ತಿದ ಸದಸ್ಯ

ಕಡ್ಡಾಯ ಗೆರೆ ಬೇಕೆಂದು ಮೊದಲು ಹೇಳಿದವನು ಪ್ಲಿಮ್‌ಸಾಲ್ ಅಲ್ಲ. ಟೈನ್ ನದಿ ತೀರದ ಜೇಮ್ಸ್ ಹಾಲ್ ಎಂಬ ಹಡಗು ಮಾಲೀಕ 1860ರ ದಶಕದಲ್ಲೇ ಇದನ್ನು ಒತ್ತಿ ಹೇಳುತ್ತಿದ್ದ. ಮಾಲೀಕರಲ್ಲೂ ಮನುಷ್ಯರಿದ್ದರು ಎಂಬುದಕ್ಕೆ ಈ ಮಾತು. ಹಾಲ್ ಹೇಳಿದ್ದನ್ನು ಎತ್ತಿಕೊಂಡು, ಊಟ ನಿದ್ದೆ ಬಿಟ್ಟು ಹಟ ಹಿಡಿದವನು ಪ್ಲಿಮ್‌ಸಾಲ್.

1873ರಲ್ಲಿ ಆತ ‘ಅವರ್ ಸೀಮೆನ್’ ಎಂಬ ಪುಸ್ತಕ ಪ್ರಕಟಿಸಿದ. ಸಾಹಿತ್ಯವಾಗಿ ನೋಡಿದರೆ ಅದು ಅಚ್ಚುಕಟ್ಟಾದ ಪುಸ್ತಕವಲ್ಲ. ಎಲ್ಲೋ ಶುರುವಾಗಿ ಎಲ್ಲೋ ಹೋಗುತ್ತದೆ, ನಡುವೆ ಕೂಗಾಡುತ್ತದೆ. ಆದರೆ ಅದರೊಳಗೆ ಪತ್ರಗಳು, ದಾಖಲೆಗಳ ಪಡಿಯಚ್ಚುಗಳು, ಮುಳುಗಿದ ಹಡಗುಗಳ ವಿವರಗಳಿದ್ದವು. ಓದಿದ ದೇಶ ಬೆಚ್ಚಿಬಿತ್ತು. ಅದೇ ವರ್ಷ ಸರ್ಕಾರ ರಾಯಲ್ ಕಮಿಷನ್ ನೇಮಿಸಿತು.

ಪುಸ್ತಕದಲ್ಲಿ ತಪ್ಪುಗಳೂ ಇದ್ದವು. ಕೇಳಿದ್ದೆಲ್ಲವನ್ನೂ ಪರೀಕ್ಷಿಸದೆ ಬರೆದದ್ದುಂಟು. ಕೆಲವರ ಮೇಲೆ ಹೊರಿಸಿದ ಆರೋಪ ನಿಲ್ಲಲಿಲ್ಲ. ಹಡಗು ಮಾಲೀಕನೂ ಆಗಿದ್ದ ಹಲ್ ಕ್ಷೇತ್ರದ ಸದಸ್ಯನೊಬ್ಬ ಮಾನನಷ್ಟ ಮೊಕದ್ದಮೆ ಹೂಡಿದ. ಸದುದ್ದೇಶವೊಂದಿದ್ದರೆ ಅಂಕಿ-ಅಂಶ ಸಡಿಲವಾದರೂ ನಡೆದೀತು ಎಂಬ ಭಾವನೆ ಆತನಲ್ಲಿತ್ತೆಂದು ಕಾಣುತ್ತದೆ. ವಿಜ್ಞಾನದ ಮೇಷ್ಟರಾಗಿ ನನಗೆ ಇದು ಒಪ್ಪಿಗೆಯಿಲ್ಲ. ಎದುರಾಳಿಗಳು ಆತನ ಮುಖ್ಯ ಮಾತಿಗೆ ಉತ್ತರ ಹೇಳುವ ಬದಲು ಆ ತಪ್ಪುಗಳನ್ನೇ ಹಿಡಿದು ಜಗ್ಗಿದರು.

ಮಾಲೀಕರ ವಾದವನ್ನೂ ಕೇಳಬೇಕು. ಬ್ರಿಟಿಷ್ ಹಡಗಿಗೆ ಮಾತ್ರ ಗೆರೆ ಎಳೆದರೆ ಬೇರೆ ದೇಶದ ಹಡಗುಗಳು ವ್ಯಾಪಾರ ಕಸಿಯುತ್ತವೆ ಎಂಬುದು ಒಂದು. ಇನ್ನೊಂದು ಹೆಚ್ಚು ಗಂಭೀರವಾದದ್ದು. ಸರ್ಕಾರವೇ ಗೆರೆ ಎಳೆದುಕೊಟ್ಟರೆ ಮಾಲೀಕ ತನ್ನ ಹೊಣೆ ಮುಗಿಯಿತೆಂದು ಗೆರೆಯವರೆಗೂ ತುಂಬಿ ಕೈತೊಳೆದುಕೊಳ್ಳುತ್ತಾನೆ. ಒಂದೊಂದು ಹಡಗೂ ಒಂದೊಂದು ಬಗೆ, ಎಲ್ಲಕ್ಕೂ ಒಂದೇ ಸೂತ್ರ ಹೊಂದದು. ರಾಯಲ್ ಕಮಿಷನ್ ಕೂಡ ಕಡ್ಡಾಯ ಗೆರೆ ಬೇಡವೆಂದೇ ವರದಿ ಕೊಟ್ಟಿತು. 1874ರಲ್ಲಿ ಪ್ಲಿಮ್‌ಸಾಲ್ ತಾನೇ ತಂದ ಮಸೂದೆ 170ಕ್ಕೆ 173 ಮತಗಳಿಂದ ಬಿದ್ದುಹೋಯಿತು. ಮೂರೇ ಮೂರು ಮತ!

1875ರಲ್ಲಿ ಪ್ರಧಾನಿ ಡಿಸ್ರೇಲಿಯ ಸರ್ಕಾರ ತಾನೇ ಒಂದು ಮಸೂದೆ ತಂದಿತು. ಬಡಕಲು ಮಸೂದೆ, ಆದರೂ ಇಲ್ಲದ್ದಕ್ಕಿಂತ ವಾಸಿ ಎಂದು ಪ್ಲಿಮ್‌ಸಾಲ್ ಒಪ್ಪಿದ್ದ. ಜುಲೈ 22ರಂದು ಡಿಸ್ರೇಲಿ ಎದ್ದುನಿಂತು, ಗೇಣಿ ಜಮೀನಿನ ಮಸೂದೆಗೆ ಸಮಯ ಬೇಕಾಗಿರುವುದರಿಂದ ಹಡಗಿನ ಮಸೂದೆಯನ್ನು ಈ ವರ್ಷಕ್ಕೆ ಕೈಬಿಟ್ಟಿದ್ದೇವೆ ಎಂದ.

ಮುಂದಿನ ವರ್ಷ ಎಂದರೆ ನಡುವೆ ಇನ್ನೊಂದು ಚಳಿಗಾಲ. ಚಳಿಗಾಲ ಎಂದರೆ ಎಷ್ಟು ಹಡಗು, ಎಷ್ಟು ಹೆಣ ಎಂಬ ಲೆಕ್ಕ ಪ್ಲಿಮ್‌ಸಾಲನ ತಲೆಯಲ್ಲಿತ್ತು. ಆತನ ತಾಳ್ಮೆ ತಪ್ಪಿತು. ಸಭೆಯ ನಡುವೆ ನುಗ್ಗಿ ಕೂಗಿದ. ಅದೇ ಸಭೆಯಲ್ಲಿ ಕುಳಿತಿದ್ದ ಹಡಗು ಮಾಲೀಕನೊಬ್ಬನ ಹೆಸರು ಹೇಳಿ, ಹಿಂದಿನ ವರ್ಷ ಮುಳುಗಿದ ಹಡಗುಗಳು ಇವನವೇ ತಾನೇ ಎಂದು ಪ್ರಶ್ನೆ ಕೇಳುತ್ತೇನೆ ಎಂದ. ಜನರನ್ನು ಸಾವಿಗೆ ಕಳಿಸುವವರನ್ನು ನೀಚರು ಎಂದು ಕರೆದ. ಮಾತು ಹಿಂತೆಗೆದುಕೊಳ್ಳಿ ಎಂದು ಸ್ಪೀಕರ್ ಹೇಳಿದರೆ ಒಪ್ಪದೆ, ಮುಷ್ಟಿ ಝಾಡಿಸಿ ಹೊರನಡೆದ. ಆತನಿಗೆ ಛೀಮಾರಿ ಹಾಕಬೇಕೆಂದು ಡಿಸ್ರೇಲಿ ಸೂಚಿಸಿದ; ಸಭೆ ಒಂದು ವಾರದ ಗಡುವು ಕೊಟ್ಟಿತು.

ಆ ಒಂದು ವಾರದಲ್ಲಿ ಬೀದಿಯ ಮನಸ್ಸು ಪೂರ್ತಿ ಆತನ ಕಡೆ ತಿರುಗಿತ್ತು. ಊರೂರುಗಳಲ್ಲಿ ಸಭೆಗಳು ನಡೆದವು, ಪತ್ರಿಕೆಗಳು ಬರೆದವು. ಜುಲೈ 29ರಂದು ಪ್ಲಿಮ್‌ಸಾಲ್ ಸಭೆಗೆ ಬಂದು, ಬಳಸಿದ ಪದಗಳಿಗಾಗಿ ಕ್ಷಮೆ ಕೇಳಿದ. ಹೇಳಿದ ಸಂಗತಿಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳಲಿಲ್ಲ. ಬೇಡವೆಂದು ಬದಿಗಿಟ್ಟಿದ್ದ ಸರ್ಕಾರ ಕೆಲವೇ ವಾರಗಳಲ್ಲಿ ಒಂದು ತಾತ್ಕಾಲಿಕ ಕಾಯಿದೆಯನ್ನು ಪಾಸು ಮಾಡಬೇಕಾಯಿತು. ಅಪಾಯಕಾರಿ ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸುವ ಅಧಿಕಾರ ಅಧಿಕಾರಿಗಳಿಗೆ ಸಿಕ್ಕಿತು. 1876ರಲ್ಲಿ ಪೂರ್ಣ ಕಾಯಿದೆ ಬಂತು. ಪ್ರತಿ ಹಡಗಿನ ಮೇಲೂ ಗೆರೆ ಇರಲೇಬೇಕು ಎಂದಾಯಿತು.

ಎಲ್ಲಿ ಎಳೆಯಬೇಕು?

ಇಲ್ಲಿಗೆ ಕಥೆ ಮುಗಿಯಿತು ಎಂದು ಅನೇಕ ಪುಸ್ತಕಗಳು ಬರೆಯುತ್ತವೆ. ನಿಜವಾದ ತಮಾಷೆ ಇಲ್ಲಿಂದ ಮುಂದೆ. ಗೆರೆ ಇರಬೇಕು ಎಂದು 1876ರ ಕಾಯಿದೆ ಹೇಳಿತೇ ಹೊರತು ಎಲ್ಲಿ ಇರಬೇಕು ಎಂದು ಹೇಳಲಿಲ್ಲ. ಅದನ್ನು ಮಾಲೀಕನ ಇಚ್ಛೆಗೆ ಬಿಟ್ಟಿತ್ತು! ಕಾರ್ಡಿಫ್ ಬಂದರಿನ ಒಬ್ಬ ಕಪ್ತಾನ ಗೆರೆಯನ್ನು ಹಡಗಿನ ಹೊಗೆ ಕೊಳವೆಯ ಮೇಲೆ ಬಳಿಸಿದನೆಂಬ ಕಥೆಯಿದೆ. ಅಲ್ಲಿಗೆ ನೀರು ಬರುವ ಹೊತ್ತಿಗೆ ಗೆರೆ ನೋಡಲು ಯಾರೂ ಉಳಿದಿರುವುದಿಲ್ಲ.

ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವ ಈ ಏರ್ಪಾಡು ಹದಿನಾಲ್ಕು ವರ್ಷ ನಡೆಯಿತು. ನಡುವೆ ಲಾಯ್ಡ್ಸ್ ರಿಜಿಸ್ಟರಿನ ತಜ್ಞರು ಸಾವಿರಾರು ಹಡಗುಗಳ ಆಕಾರ, ಆಳ, ಬಲ ಇವುಗಳನ್ನು ಅಳೆದು ಕೋಷ್ಟಕಗಳನ್ನು ತಯಾರಿಸಿದರು. ಎಲ್ಲಕ್ಕೂ ಒಂದೇ ಸೂತ್ರ ಹೊಂದದು ಎಂಬ ಮಾಲೀಕರ ವಾದಕ್ಕೆ ಉತ್ತರ ಸಿಕ್ಕಿದ್ದು ಕೂಗಾಟದಿಂದಲ್ಲ, ಈ ಕೋಷ್ಟಕಗಳಿಂದ. ಗೆರೆಯ ಜಾಗವನ್ನು ನಿಯಮದಂತೆಯೇ ನಿಗದಿ ಮಾಡಬೇಕೆಂದು 1890ರಲ್ಲಿ ಕಾಯಿದೆಯಾಯಿತು. 1906ರಲ್ಲಿ ಬ್ರಿಟಿಷ್ ಬಂದರುಗಳಿಗೆ ಬರುವ ವಿದೇಶೀ ಹಡಗುಗಳಿಗೂ ನಿಯಮ ಅನ್ವಯಿಸಿದರು. 1930ರಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಗಿ, 1966ರಲ್ಲಿ ಅದು ಪರಿಷ್ಕಾರಗೊಂಡಿತು. ಬ್ರಿಟಿಷ್ ಹಡಗುಗಳಿಗಷ್ಟೇ ನಷ್ಟ ಎಂಬ ಮೊದಲಿನ ವಾದವೂ ಹೀಗೆ ಬಿದ್ದುಹೋಯಿತು.

ಇನ್ನು ಏಣಿಯಂಥ ಆ ಆರು ಗೆರೆಗಳ ವಿಷಯ. ಎಸ್ ಎಂದರೆ ಸಮ್ಮರ್, ಬೇಸಿಗೆಯ ಗೆರೆ. ಇದು ವೃತ್ತದ ನಡುಗೆರೆಯ ನೇರಕ್ಕಿದೆ. ಅದಕ್ಕಿಂತ ಮೇಲೆ ಟಿ, ಉಷ್ಣವಲಯದ್ದು. ಕೆಳಗೆ ಡಬ್ಲ್ಯು, ಚಳಿಗಾಲದ್ದು. ಇನ್ನೂ ಕೆಳಗೆ ಡಬ್ಲ್ಯುಎನ್‌ಎ, ಉತ್ತರ ಅಟ್ಲಾಂಟಿಕ್‌ನ ಚಳಿಗಾಲ. ಇದು ಸಣ್ಣ ಹಡಗುಗಳಿಗೆ ಮಾತ್ರ. ಎಫ್ ಮತ್ತು ಟಿಎಫ್ ಸಿಹಿನೀರಿನವು.

ಸಿಹಿನೀರಿನ ಗೆರೆಗೆ ಕಾರಣ ಸಾಂದ್ರತೆ. ಒಂದು ಘನಮೀಟರ್ ಸಿಹಿನೀರು 1000 ಕಿಲೋಗ್ರಾಂ, ಸಮುದ್ರದ ನೀರು ಸುಮಾರು 1025. ಹೂಗ್ಲಿ ನದಿಯ ಮೇಲಿರುವ ಕೋಲ್ಕತಾದಲ್ಲಿ ತುಂಬಿದ ಹಡಗು ಬಂಗಾಳ ಕೊಲ್ಲಿಗೆ ಬಂದಾಗ ತಾನಾಗಿ ಮೇಲೇಳುತ್ತದೆ. 9.6 ಮೀಟರ್ ಆಳ ಮುಳುಗಿರುವ ಹಡಗಿಗೆ ಈ ವ್ಯತ್ಯಾಸ 24 ಸೆಂಟಿಮೀಟರ್‌ನಷ್ಟಾಗುತ್ತದೆ.

ಉಷ್ಣವಲಯದ ಗೆರೆ ಮೇಲಿರುವುದಕ್ಕೂ ಇದೇ ಕಾರಣವೆಂದು ಹಲವೆಡೆ ಬರೆದಿರುತ್ತಾರೆ. ಬಿಸಿ ನೀರಿನ ಸಾಂದ್ರತೆ ಕಡಿಮೆ, ಆದ್ದರಿಂದ ಹಡಗು ಹೆಚ್ಚು ಮುಳುಗುತ್ತದೆ, ಆದ್ದರಿಂದ ಗೆರೆ ಮೇಲೆ ಎಂದು. ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಹೀಗೇ ಹೇಳಿದ್ದೆ. ಒಂದು ದಿನ ಹುಡುಗನೊಬ್ಬ ‘ಎಷ್ಟು ಕಡಿಮೆ ಸಾರ್?’ ಎಂದು ಕೇಳಿದಾಗಲೇ ಲೆಕ್ಕ ಹಾಕಿ ನೋಡಿದ್ದು. 10 ಡಿಗ್ರಿ ಮತ್ತು 30 ಡಿಗ್ರಿ ಸೆಲ್ಸಿಯಸ್ ಸಮುದ್ರ ನೀರಿನ ಸಾಂದ್ರತೆಯ ವ್ಯತ್ಯಾಸ ಶೇಕಡಾ ಅರ್ಧದಷ್ಟು. ನಮ್ಮ 9.6 ಮೀಟರಿನ ಹಡಗಿಗೆ ಅದು ಐದು ಸೆಂಟಿಮೀಟರ್ ಕೂಡ ಆಗದು. ಆದರೆ ಟಿ ಗೆರೆ ಇರುವುದು ಎಸ್ ಗೆರೆಗಿಂತ 48ರಲ್ಲಿ ಒಂದು ಭಾಗ, ಅಂದರೆ 20 ಸೆಂಟಿಮೀಟರ್ ಮೇಲೆ. ಸಾಂದ್ರತೆಯಿಂದ ಈ ಲೆಕ್ಕ ಕೂಡುವುದಿಲ್ಲ.

ನಿಜವಾದ ಕಾರಣ ಗಾಳಿ. ಗಂಟೆಗೆ ಸುಮಾರು 62 ಕಿಲೋಮೀಟರಿಗೂ ಮಿಕ್ಕಿದ ಬಿರುಗಾಳಿ ಬೀಸುವುದು ನೂರಕ್ಕೆ ಒಂದಕ್ಕಿಂತ ಹೆಚ್ಚಿಲ್ಲದ ಕಡಲು ಉಷ್ಣವಲಯದ್ದು. ನೂರಕ್ಕೆ ಹತ್ತರವರೆಗೆ ಇದ್ದರೆ ಬೇಸಿಗೆಯದ್ದು. ಅದನ್ನೂ ಮೀರಿದರೆ ಚಳಿಗಾಲದ್ದು. ಅಲೆ ಸಣ್ಣದಾದಲ್ಲಿ ಅಂಚು ಕಡಿಮೆ ಸಾಕು, ದೊಡ್ಡದಾದಲ್ಲಿ ಹೆಚ್ಚು ಬೇಕು. ಬಕೆಟ್ಟನ್ನು ಎಷ್ಟು ಜೋರಾಗಿ ತಟ್ಟುತ್ತೀರಿ ಎಂಬುದಷ್ಟೇ ಪ್ರಶ್ನೆ. ನಮ್ಮ ಅರಬ್ಬೀ ಸಮುದ್ರವನ್ನೇ ನೋಡಿ. ವರ್ಷದ ಬಹುಭಾಗ ಶಾಂತವಾಗಿರುವ ಈ ಕಡಲಿನಲ್ಲಿ ಮೇ ಕೊನೆಯಿಂದ ಮುಂಗಾರು ಮುಗಿಯುವವರೆಗೆ ಟಿ ಗೆರೆಯವರೆಗೆ ತುಂಬುವಂತಿಲ್ಲ, ಎಸ್ ಗೆರೆಗೇ ನಿಲ್ಲಿಸಬೇಕು. ನಮ್ಮ ಮಳೆಗಾಲಕ್ಕೆ ಅಲ್ಲಿನ ಪಟ್ಟಿಯಲ್ಲಿ ‘ಬೇಸಿಗೆ’ ಎಂದು ಹೆಸರು!

ಕೊನೆಯ ವರ್ಷಗಳು

ಪ್ಲಿಮ್‌ಸಾಲ್ 1880ರಲ್ಲಿ ಮತ್ತೆ ಡರ್ಬಿಯಿಂದ ಗೆದ್ದ. ಆದರೆ ಹೊಸ ಮಂತ್ರಿ ವಿಲಿಯಂ ಹಾರ್ಕೋರ್ಟ್ ತನ್ನ ಕ್ಷೇತ್ರ ಕಳೆದುಕೊಂಡಾಗ ಆತನಿಗೆ ತನ್ನ ಸ್ಥಾನ ಬಿಟ್ಟುಕೊಟ್ಟ. ಮಂತ್ರಿಯಾದವನು ನಾವಿಕರಿಗೆ ನನಗಿಂತ ಹೆಚ್ಚು ಮಾಡಿಯಾನು ಎಂಬ ನಂಬಿಕೆ. ಆ ನಂಬಿಕೆ ಫಲಿಸಲಿಲ್ಲ. 1885ರಲ್ಲಿ ಷೆಫೀಲ್ಡಿನಿಂದ ನಿಂತಾಗ ಜನ ಸೋಲಿಸಿದರು. ಆಮೇಲೆ ನಾವಿಕರ ಸಂಘದ ಗೌರವಾಧ್ಯಕ್ಷನಾದ. 1890ರಲ್ಲಿ ಅಟ್ಲಾಂಟಿಕ್ ದಾಟಿಸುವ ದನಕರುಗಳನ್ನು ಹಡಗುಗಳಲ್ಲಿ ಹೇಗೆ ತುಂಬುತ್ತಾರೆ ಎಂದು ಇನ್ನೊಂದು ಪುಸ್ತಕ ಬರೆದ. ಇಳಿವಯಸ್ಸಿನಲ್ಲಿ ಅಮೆರಿಕಕ್ಕೂ ಹೋಗಿಬಂದ. ಅಲ್ಲಿನ ಶಾಲೆಯ ಚರಿತ್ರೆ ಪುಸ್ತಕಗಳು ಮಕ್ಕಳ ಮನಸ್ಸಿನಲ್ಲಿ ಇಂಗ್ಲೆಂಡಿನ ಬಗ್ಗೆ ಹಗೆ ಬಿತ್ತುತ್ತಿವೆ, ಆ ಕಹಿಯನ್ನು ಕಡಿಮೆ ಮಾಡಿಸಬೇಕು ಎಂಬುದು ಆ ಪ್ರಯಾಣದ ಉದ್ದೇಶ. ಪಠ್ಯಪುಸ್ತಕದ ಜಗಳ ಇಂದು ನಿನ್ನೆಯದಲ್ಲ ನೋಡಿ.

1898ರ ಜೂನ್ 3ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಫೋಕ್‌ಸ್ಟನ್ ಎಂಬಲ್ಲಿ ಪ್ಲಿಮ್‌ಸಾಲ್ ತೀರಿಕೊಂಡ. ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ ಆತನ ಸ್ಮಾರಕವಿದೆ. 1929ರಲ್ಲಿ ಅದನ್ನು ನಿಲ್ಲಿಸಿದವರು ನಾವಿಕರ ಸಂಘದವರು. ಬ್ರಿಟನ್ನಿನ ಮಕ್ಕಳು ಆಟದ ಪೀರಿಯಡ್ಡಿಗೆ ಹಾಕುವ ರಬ್ಬರ್ ತಳದ ಕ್ಯಾನ್‌ವಾಸ್ ಷೂವಿಗೂ ಪ್ಲಿಮ್‌ಸಾಲ್ ಎಂದೇ ಹೆಸರು. ಬಟ್ಟೆಗೂ ತಳಕ್ಕೂ ನಡುವೆ ಸುತ್ತ ಇರುವ ರಬ್ಬರ್ ಪಟ್ಟಿ ಹಡಗಿನ ಗೆರೆಯಂತೆ ಕಂಡದ್ದರಿಂದ ಆ ಹೆಸರು ಬಂತಂತೆ.

ಆತನ ಹೆಸರಿನ ಒಂದು ಹಾಯಿ ಹಡಗೂ ಇತ್ತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1873ರಲ್ಲಿ, ಗಲಾಟೆ ಜೋರಾಗಿದ್ದ ವರ್ಷವೇ, ನೀರಿಗಿಳಿದ ಚೆಂದದ ಹಡಗು ‘ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್’. ಹಲವು ವರ್ಷ ವಲಸಿಗರನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ದಿತು. ಕೊನೆಗೆ ಕೂವೆಮರಗಳನ್ನು ಕಳೆದುಕೊಂಡು, ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ಬಹುಕಾಲ ಕಟ್ಟಿಹಾಕಿಸಿಕೊಂಡು ನಿಂತಿತ್ತು. ಅಲ್ಲಿ ಅದಕ್ಕೆ ಕೊಟ್ಟ ಕೆಲಸ, ಬಂದುಹೋಗುವ ಹಡಗುಗಳಿಗೆ ಬೇಕಾದ ಕಲ್ಲಿದ್ದಲನ್ನು ಒಡಲಲ್ಲಿ ತುಂಬಿಟ್ಟುಕೊಳ್ಳುವುದು.